ಸ್ಪರ್ಶದ ಸಂಶೋಧನೆಗೆ ರೋಬೋಟ್ ತೋಳು ಯಾಕೆ ಬೇಕು?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಚಾಲಿ (ಒಣಗಿಸಿದ ಅಡಿಕೆ) ಆರಿಸುವವರು ಅಡಿಕೆ ಕೈಗೆತ್ತಿಕೊಂಡರೆ ಸಾಕು, ಸರಿಯಾಗಿ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಹೀಗಿರುವಾಗ ಸ್ಪರ್ಶದ ಬಗ್ಗೆ ತಿಳಿಯಲು ವಿಶ್ವವಿದ್ಯಾಲಯಗಳಲ್ಲಿ ರೋಬೋಟ್ ತೋಳು ಯಾಕೆ ಬಳಸುತ್ತಾರೆ?

ಉತ್ತರ: ಆ ಕೈಗಳ ಬಗ್ಗೆ ನನಗೂ ತುಂಬ ಗೌರವವಿದೆ. ಅಂಗೈ ಮತ್ತು ಬೆರಳುಗಳ ಚರ್ಮಕ್ಕೆ ಸುಮಾರು 17,000 ಸ್ಪರ್ಶದ ನರತಂತುಗಳು ಬಂದು ಸೇರುತ್ತವೆ. ಆದರೆ ಎಷ್ಟು ಒತ್ತಿದಿರಿ ಎಂದು ಕೇಳಿದರೆ ಎಂಥ ಪಳಗಿದ ಕೈಯವರೂ ಲೆಕ್ಕ ಕೊಡಲಾರರು. ತೊಡಕು ಇರುವುದೇ ಅಲ್ಲಿ.

ಲ್ಯಾಬ್‌ನಲ್ಲಿ ಮುಟ್ಟಿ ತಿಳಿಯುವುದು ತೋಳಲ್ಲ, ಅದರ ತುದಿಗೆ ಕೂರಿಸಿದ ಸೆನ್ಸರ್. 2009ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಜೆಲ್‌ಸೈಟ್ ಎಂಬ ಸೆನ್ಸರ್ ನೋಡಿ. ಮೆತ್ತನೆಯ ಜೆಲ್, ಅದರ ಹೊರಮೈಗೆ ಬಣ್ಣದ ತೆಳು ಪದರ, ಹಿಂದೆ ದೀಪ ಮತ್ತು ಕ್ಯಾಮೆರಾ. ವಸ್ತು ತಾಗಿದಾಗ ಜೆಲ್ ತಗ್ಗುತ್ತದೆ. ಆ ತಗ್ಗನ್ನು ಕ್ಯಾಮೆರಾ ಒಳಗಿನಿಂದ ನೋಡುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ಸಂಶೋಧಕರ ಟ್ಯಾಕ್‌ಟಿಪ್ ಎಂಬ ಸೆನ್ಸರ್ ಕೂಡ ಕ್ಯಾಮೆರಾ ನಂಬಿದ್ದೇ.

ಈಗ ಯೋಚಿಸಿ. ಅದೇ ಅಡಿಕೆಯನ್ನು ಸ್ವಲ್ಪ ಜಾಸ್ತಿ ಒತ್ತಿದರೆ ಚಿತ್ರವೇ ಬೇರೆ. ಓರೆಯಾಗಿ ಮುಟ್ಟಿದರೆ ಇನ್ನೊಂದು ಚಿತ್ರ. ವ್ಯತ್ಯಾಸ ಅಡಿಕೆಯದೋ, ಒತ್ತಿದ ರೀತಿಯದೋ? ಸೆನ್ಸರ್ ಅನ್ನು ಸುಮ್ನೆ ಕೈಯಲ್ಲಿ ಹಿಡಿದು ಒತ್ತಿದರೆ ಇದು ಬಗೆಹರಿಯುವುದೇ ಇಲ್ಲ. ರೋಬೋಟ್ ತೋಳು ಹೇಳಿದ ಜಾಗಕ್ಕೆ, ಹೇಳಿದ ವೇಗದಲ್ಲಿ, ಹೇಳಿದಷ್ಟೇ ಆಳಕ್ಕೆ ಇಳಿಯುತ್ತದೆ. ಸಾವಿರ ಸಲ ಹೇಳಿದರೂ ಹಾಗೇ. ಲ್ಯಾಬ್‌ಗಳಲ್ಲಿ ಕಾಣುವ ಯುಆರ್5 ಎಂಬ ರೋಬೋಟ್ ತೋಳು ಒಮ್ಮೆ ಹೋದ ಜಾಗಕ್ಕೆ ಮತ್ತೆ ಹೋದಾಗ ತಪ್ಪುವುದು 0.1 ಮಿಲಿಮೀಟರ್ ಒಳಗೇ. ಪ್ರತಿ ಚಿತ್ರದ ಜೊತೆಗೆ ಆಳ, ಕೋನ, ವೇಗದ ಲೆಕ್ಕವೂ ಸಿಗುತ್ತದೆ. ಕಂಪ್ಯೂಟರ್ ಕಲಿಯುವುದು ಈ ಜೋಡಿಗಳಿಂದಲೇ.

ಇನ್ನೊಂದು ಕಾರಣವೂ ಇದೆ. ಮುಟ್ಟುವುದು ಎಂದರೆ ಸುಮ್ಮನೆ ತಾಗುವುದಲ್ಲ ಅಲ್ವಾ? ಗಟ್ಟಿ ಇದೆಯೇ ಎಂದು ಒತ್ತುತ್ತೇವೆ, ನುಣುಪು ತಿಳಿಯಲು ಸವರುತ್ತೇವೆ, ತೂಕ ನೋಡಲು ಎತ್ತುತ್ತೇವೆ. ಸೆನ್ಸರ್‌ಗೂ ಹೀಗೆ ಕೈಯಾಡಿಸುವವರು ಬೇಕು.

ಕಾರವಾರದಲ್ಲೋ ಶಿರಸಿಯಲ್ಲೋ ಕಾಲೇಜಿನ ಮಕ್ಕಳು ಇದನ್ನು ಮಾಡಿ ನೋಡಲಿ ಎಂದು ನನ್ನ ಆಸೆ. ದುಬಾರಿ ತೋಳಿಗೆ ಕಾಯಬೇಕಿಲ್ಲ. ತ್ರೀಡಿ ಪ್ರಿಂಟರ್‌ನ ಓಡಾಡುವ ತಲೆಗೆ ಸೆನ್ಸರ್ ಕಟ್ಟಿ, ಅಡಿಕೆಯ ಕೆಳಗೆ ಅಂಗಡಿ ತಕ್ಕಡಿಯಲ್ಲಿರುವಂಥ ಲೋಡ್ ಸೆಲ್ ಇಟ್ಟರೆ ಗಟ್ಟಿತನ ಅಳೆಯಲು ಶುರು ಮಾಡಬಹುದು. ಓರೆಯಾಗಿ, ಸುತ್ತಲೂ ಸವರಿ ನೋಡಬೇಕೆಂದಾಗ ಮಾತ್ರ ಆರು ಕೀಲಿನ ತೋಳು ಬೇಕಾಗುತ್ತದೆ.