ಹೆಣ್ಣಿಲಿಗೆ ಅರ್ಧ ಡೋಸ್ ಸಾಕಿತ್ತು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಲಿವರ್ ಕುರಿತ ರಕ್ತಪರೀಕ್ಷೆ ಮಾಡಿಸಿದರೆ ರಿಪೋರ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ (ಎನ್‌ಜೈಮ್) ಸಾಲೊಂದು ಇರುತ್ತದೆ. ಹನ್ನೆರಡರ ಹುಡುಗನಿಗೆ ಅದು 300 ಎಂದು ಬಂದು, ಪಕ್ಕದಲ್ಲಿ ದೊಡ್ಡವರ ಮಿತಿಯೇ ಅಚ್ಚಾಗಿದ್ದರೆ ಮನೆಯವರಿಗೆ ಲಿವರ್ ಕೆಟ್ಟಿತೇನೋ ಎಂಬ ದಿಗಿಲು. ಮೂಳೆ ಬೆಳೆಯುವ ವಯಸ್ಸಿನಲ್ಲಿ ಆ ಕಿಣ್ವ ಏರಿರುವುದು ಸಹಜ.

ವಯಸ್ಸು, ಲಿಂಗ ಕೇಳದೆ ಕಿಣ್ವದ ಅಂಕಿ ಓದಬಾರದೆಂದು ಇಲಿಗಳು ತೋರಿಸಿಕೊಟ್ಟು ತೊಂಬತ್ತು ವರ್ಷ ದಾಟಿದೆ. 1932ರಲ್ಲಿ ಅಮೆರಿಕದ ಸಂಶೋಧಕರಾದ ನಿಕೋಲಸ್ ಮತ್ತು ಬ್ಯಾರನ್ ನಿದ್ದೆಯ ಔಷಧ ಸೋಡಿಯಂ ಅಮೈಟಾಲ್‌ನಿಂದ ಇಲಿಗಳಿಗೆ ಅರಿವಳಿಕೆ ಕೊಡುವಾಗ, ಹೆಣ್ಣಿಗೆ ಗಂಡಿನ ಅರ್ಧದಷ್ಟು ಡೋಸ್ ಸಾಕಾಯಿತು. ಗಂಡಿಲಿಯ ಲಿವರ್ ಔಷಧವನ್ನು ಬೇಗ ಒಡೆದುಹಾಕುತ್ತದೆ ಎಂಬುದು ಆಮೇಲೆ ತಿಳಿಯಿತು. ಆ ಕೆಲಸದ ಸೈಟೋಕ್ರೋಮ್ ಪಿ450 ಕಿಣ್ವಗಳಿಗೆ ಹೆಸರು ಬಿದ್ದದ್ದು 1960ರ ದಶಕದಲ್ಲಿ. ಗಂಡಿಲಿಯಲ್ಲಿ ಬೆಳವಣಿಗೆಯ ಹಾರ್ಮೋನು ಬಿಟ್ಟುಬಿಟ್ಟು ಚಿಮ್ಮುತ್ತದೆ, ಹೆಣ್ಣಿನಲ್ಲಿ ಹೆಚ್ಚುಕಡಿಮೆ ಸದಾ ಜಿನುಗುತ್ತದೆ. ಯಾವ ಕಿಣ್ವ ಎಷ್ಟು ಬೇಕೆಂದು ಲಿವರ್ ಆ ಲಯ ನೋಡಿಯೇ ತೀರ್ಮಾನಿಸುತ್ತದೆ.

ಸುಂಡಿಲಿಯಲ್ಲಿ (ಮೌಸ್) ಕಥೆ ಇಷ್ಟು ನೇರವಲ್ಲ. ಅದರ ತಳಿ ಬದಲಾದರೆ ಗಂಡು-ಹೆಣ್ಣಿನ ಅಂತರ ಕಿರಿದಾಗಬಹುದು, ತಿರುವುಮುರುವೂ ಆಗಬಹುದು. ಅಂಗವೂ ಮುಖ್ಯ: ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಕೊಟ್ಟ ಹೆಣ್ಣು ಸುಂಡಿಲಿಯ ಮೂತ್ರಪಿಂಡದಲ್ಲಿ ಬೀಟಾ ಗ್ಲುಕುರೊನಿಡೇಸ್ ಎಂಬ ಕಿಣ್ವ ಹಲವು ಪಟ್ಟು ಏರುತ್ತದೆ, ಲಿವರ್‌ನಲ್ಲಿ ಅಂಥ ಏರಿಕೆ ಕಾಣುವುದಿಲ್ಲ. ವಯಸ್ಸಿನದೂ ಹಾಗೆಯೇ. ಮೂರು ವಾರಕ್ಕೆ ಮರಿ ಹಾಲು ಬಿಡುವ ಹೊತ್ತಿಗೆ ಹಾಲಿನ ಸಕ್ಕರೆ ಜೀರ್ಣಿಸುವ ಕರುಳಿನ ಕಿಣ್ವ ಲ್ಯಾಕ್ಟೇಸ್ ಇಳಿಮುಖ. ಇನ್ನು ಮುಪ್ಪಿನ ಲೆಕ್ಕ ನಮ್ಮ ದೇಶದಲ್ಲೇ ನಡೆದಿದೆ: ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂ.ಎಸ್. ಕನುಂಗೋ 1960ರ ದಶಕದಲ್ಲೇ ಬೇರೆಬೇರೆ ವಯಸ್ಸಿನ ಇಲಿಗಳ ಮಿದುಳು, ಹೃದಯ, ಸ್ನಾಯು, ಲಿವರ್‌ಗಳಲ್ಲಿ ಲ್ಯಾಕ್ಟೇಟ್ ಡಿಹೈಡ್ರೋಜನೇಸ್ ಎಂಬ ಕಿಣ್ವವನ್ನು ಅಳೆದಿದ್ದರು.

ಅಳೆಯುವ ವಿಧಾನ ನಮ್ಮೂರಿನ ಫಾರ್ಮಸಿ ವಿದ್ಯಾರ್ಥಿಗೂ ಹೊಸದಲ್ಲ. ಅಂಗಾಂಶವನ್ನು ಐಸ್ ಮೇಲಿಟ್ಟು ಅರೆದು, ತಿಳಿ ತೆಗೆದು, ಬಣ್ಣವಿಲ್ಲದ ದ್ರಾವಣಕ್ಕೆ ಸೇರಿಸಿದರೆ ಫಾಸ್ಫಟೇಸ್ ಇದ್ದಷ್ಟೂ ಹಳದಿ ಗಾಢವಾಗುತ್ತದೆ. ಆ ಹಳದಿಯನ್ನು ಯಂತ್ರ ಓದುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ದಶಕಗಳ ಕಾಲ ಬಹಳಷ್ಟು ಲ್ಯಾಬುಗಳು ಗಂಡನ್ನೇ ಬಳಸಿದವು. ಹೆಣ್ಣಿನ ನಾಲ್ಕೈದು ದಿನದ ಋತುಚಕ್ರ ಅಳತೆ ಕೆಡಿಸುತ್ತದೆಂಬ ಸಬೂಬು ಬೇರೆ. ಒಂದೇ ಗೂಡಿನ ಗಂಡು ಸುಂಡಿಲಿಗಳು ಕಚ್ಚಾಡಿ, ಗೆದ್ದದ್ದರ ಟೆಸ್ಟೋಸ್ಟೆರಾನ್ ಏರಿ, ಸೋತದ್ದರದು ಇಳಿದರೆ ಅಳತೆ ಕೆಡುವುದಿಲ್ಲವೇ? ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ತನ್ನ ಹಣದಲ್ಲಿ ನಡೆಯುವ ಸಂಶೋಧನೆಗಳು ಲಿಂಗವನ್ನೂ ಪರಿಗಣಿಸಬೇಕೆಂದು ನಿಯಮ ತಂದದ್ದು 2016ರಲ್ಲಿ. ಅದಕ್ಕೂ ಮೊದಲು, 2013ರಲ್ಲಿ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿದ್ದೆಯ ಮಾತ್ರೆ ಜೋಲ್ಪಿಡೆಮ್‌ನ ಡೋಸನ್ನು ಹೆಂಗಸರಿಗೆ 10ರಿಂದ 5 ಮಿಲಿಗ್ರಾಂಗೆ ಇಳಿಸಿತ್ತು. ಬೆಳಿಗ್ಗೆ ಎದ್ದು ಕಾರು ಓಡಿಸುವ ಹೊತ್ತಿಗೂ ಅವರ ರಕ್ತದಲ್ಲಿ ಔಷಧ ಹೆಚ್ಚೇ ಉಳಿದಿರುತ್ತಿತ್ತು. ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ.