ಸ್ಯಾಂಕ್ಷನ್: ಮಂಜೂರೋ, ನಿರ್ಬಂಧವೋ?

ಅನುವಾದದ ಅಭ್ಯಾಸಕ್ಕೆಂದು ಕೂತಾಗ ನಾನೊಮ್ಮೆ 'ಅಮೆರಿಕವು ಇರಾನಿಗೆ ಹೊಸ ಮಂಜೂರಾತಿ ನೀಡಿತು' ಎಂದು ಬರೆದಿಟ್ಟಿದ್ದೆ. ಮೂಲದಲ್ಲಿದ್ದದ್ದು ಸ್ಯಾಂಕ್ಷನ್ಸ್. ಅರ್ಥ ಪೂರ್ತಿ ಉಲ್ಟಾ!

ತಪ್ಪಾದದ್ದು ರೂಢಿಯಿಂದ. ನಮ್ಮ ಕಿವಿಗೆ ಈ ಪದ ಬೀಳುವುದೇ ಬ್ಯಾಂಕು, ಕಚೇರಿಗಳಲ್ಲಿ. ಲೋನ್ ಸ್ಯಾಂಕ್ಷನ್ ಆಯ್ತಾ? ಮನೆ ಪ್ಲಾನ್ ಸ್ಯಾಂಕ್ಷನ್‌ಗೆ ಕೊಟ್ಟಿದ್ದೀವಿ. ಕರೆಂಟ್ ಬಿಲ್ಲಿನ ಸ್ಯಾಂಕ್ಷನ್ಡ್ ಲೋಡ್ ಕೂಡ ಇದೇ ಜಾತಿ. ಸರ್ಕಾರಿ ನೌಕರರ ಮೇಲಿನ ಲಂಚದ ಕೇಸು ವಿಚಾರಣೆಗೆ ಬರಲು ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂ ಕೇಳುವ ಪೂರ್ವಾನುಮತಿಗೂ ಸ್ಯಾಂಕ್ಷನ್ ಎಂದೇ ಹೆಸರು.

ವಿದೇಶ ಸುದ್ದಿಯ ಪುಟಕ್ಕೆ ಬನ್ನಿ, ಅದೇ ಪದ ಶಿಕ್ಷೆಯಾಗುತ್ತದೆ. 1990ರಲ್ಲಿ ಕುವೈತಿಗೆ ನುಗ್ಗಿದ ಇರಾಕ್ ಮೇಲೆ ವಿಶ್ವಸಂಸ್ಥೆ ಹೇರಿದ್ದು, 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಮ್ಮ ಮೇಲೆ ಹೇರಿದ್ದು ಸ್ಯಾಂಕ್ಷನ್ಸ್. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ, ಮುಂದೆ ತೇಜಸ್ ಎಂದು ಹೆಸರಾದ ವಿಮಾನದ ಕೆಲಸಕ್ಕೂ ಅದರ ಬಿಸಿ ತಟ್ಟಿತು. ಪತ್ರಿಕೆಗಳು ಇದನ್ನು 'ದಿಗ್ಬಂಧನ' ಎಂದೂ ಬರೆಯುತ್ತವೆ. ನನಗೆ 'ನಿರ್ಬಂಧ'ವೇ ಸರಿ ಅನಿಸುತ್ತದೆ. ದಿಗ್ಬಂಧನವನ್ನು ಬ್ಲಾಕೇಡ್‌ಗೆ, ಅಂದರೆ ಹೋಗಿಬರುವ ದಾರಿಯನ್ನೇ ಮುಚ್ಚುವುದಕ್ಕೆ, ಉಳಿಸಿಕೊಳ್ಳೋಣ.

ಒಂದೇ ಪದಕ್ಕೆ ಈ ಎರಡು ಮುಖ ಹೇಗೆ ಬಂದವು? ಲ್ಯಾಟಿನ್ನಿನಲ್ಲಿ ಇದರ ಮೂಲಧಾತುವಿಗೆ ಪವಿತ್ರವಾಗಿಸು, ಮೀರಬಾರದಂತೆ ಕಟ್ಟುಮಾಡು ಎಂಬರ್ಥ. ಪಕ್ಷಿಧಾಮಕ್ಕೆ ಹೇಳುವ ಸ್ಯಾಂಕ್ಚುಯರಿಯೂ ಇದೇ ಬಳ್ಳಿಯದು. ರೋಮನ್ ಕಾನೂನಿನಲ್ಲಿ, ಮೀರಿದವರಿಗೆ ಏನು ದಂಡ ಎಂದು ಹೇಳುವ ಭಾಗವನ್ನು ಸ್ಯಾಂಕ್ಷಿಯೋ ಎನ್ನುತ್ತಿದ್ದರು. ಇದು ನನಗೆ ತಲೆಗೆ ಹತ್ತಿದ್ದು ನಮ್ಮ ದಾನಶಾಸನಗಳನ್ನು ನೆನೆದಾಗ. ಇಂಥವರಿಗೆ ಇಷ್ಟು ಭೂಮಿ ಬಿಟ್ಟೆವು ಎಂದು ಮೊದಲು ಬರುತ್ತದೆ. ಕೊನೆಗೆ, ಇದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ ಎಂಬ ಶಾಪ. ಮಂಜೂರಾತಿ ಮತ್ತು ದಂಡ, ಎರಡೂ ಒಂದೇ ಕಲ್ಲಿನ ಮೇಲೆ.

ಅನುವಾದದ ಪರೀಕ್ಷೆಯಲ್ಲಿ ಗುರುತಿಸಲು ಎರಡು ಸುಳಿವು ಸಾಕು. ಬಹುವಚನದಲ್ಲಿದ್ದು, ಜೊತೆಗೆ ಇಂಪೋಸ್ (ಹೇರು) ಅಥವಾ ಲಿಫ್ಟ್ (ತೆರವು ಮಾಡು) ಇದ್ದರೆ ಬಹುಪಾಲು ನಿರ್ಬಂಧವೇ. ಕ್ರಿಯಾಪದವಾಗಿ ಬಂದರೆ ಕರ್ಮಪದ ನೋಡಿ: ಸಾಲ, ರಜೆ, ಯೋಜನೆ ಇದ್ದರೆ ಮಂಜೂರು, ದೇಶ, ಕಂಪನಿ, ವ್ಯಕ್ತಿ ಇದ್ದರೆ ನಿರ್ಬಂಧ. ಹಾಗಾಗಿ ಸ್ಯಾಂಕ್ಷನ್ಡ್ ಪೋಸ್ಟ್ ಎಂದರೆ ಮಂಜೂರಾದ ಹುದ್ದೆ, ಸ್ಯಾಂಕ್ಷನ್ಡ್ ಬ್ಯಾಂಕ್ ಎಂದರೆ ನಿರ್ಬಂಧಕ್ಕೆ ಸಿಕ್ಕಿಬಿದ್ದ ಬ್ಯಾಂಕು.