ಸಂಪಿಗೆ ಟ್ಯಾಂಕರ್ ನೀರು, ಮೈಗೆ ಟೆಸ್ಟೋಸ್ಟಿರಾನ್

ಕಳೆದ ತಿಂಗಳು ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಲ್ಯಾಬ್ ವರದಿಯೊಂದನ್ನು ಕಳಿಸಿದ. ಗಂಡಸಿನ ಹಾರ್ಮೋನು ಟೆಸ್ಟೋಸ್ಟಿರಾನ್, ಡೆಸಿಲೀಟರಿಗೆ 278 ನ್ಯಾನೋಗ್ರಾಂ. ಪಕ್ಕದಲ್ಲಿ ಕೆಳಮುಖದ ಕೆಂಪು ಬಾಣ. ಅವನಿಗೆ ವಯಸ್ಸು 46. ವರದಿಯ ಹಿಂದೆಯೇ ಫೋನ್ ಬಂತು: "ಜಿಮ್ಮಿನ ಹುಡುಗ ಇಂಜೆಕ್ಷನ್ ತಗೊಳ್ಳಿ ಸಾರ್ ಅಂತಿದಾನೆ. ಶುರು ಮಾಡ್ಲೇನೋ?" ಒಂದು ವರ್ಷದಿಂದ ಸುಸ್ತು, ಹೊಟ್ಟೆ ಮುಂದೆ ಬಂದಿದೆ, ಸಂಜೆಯಾದರೆ ಸಿಡುಕು, "ಉಳಿದದ್ದೂ ಅಷ್ಟಕ್ಕಷ್ಟೇ" ಎಂದ. ನಮ್ಮ ಗಂಡಸರು ಆ ವಿಷಯವನ್ನು ಇದಕ್ಕಿಂತ ಬಿಡಿಸಿ ಹೇಳುವುದಿಲ್ಲ.

"ರಕ್ತ ಎಷ್ಟು ಹೊತ್ತಿಗೆ ಕೊಟ್ಟೆ?" ಎಂದು ಕೇಳಿದೆ.

"ಆಫೀಸಿಂದ ಬರ್ತಾ, ನಾಲ್ಕೂವರೆಗೆ. ಯಾಕೆ?"

ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ಹೋರಿಯ ಮಾತು. ಬೀಜ ಒಡೆಸಿದ ಹೋರಿ ಎತ್ತಾಗುತ್ತದೆ, ನೊಗಕ್ಕೆ ಬಗ್ಗುತ್ತದೆ ಎಂದು ನಮ್ಮ ರೈತರಿಗೆ ಗೊತ್ತಿಲ್ಲದ ಕಾಲವೇ ಇರಲಿಲ್ಲ. ಬೀಜದಿಂದ ಮೈಗೆ ಏನು ಹೋಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. 1849ರಲ್ಲಿ ಜರ್ಮನಿಯ ಗಟಿಂಗನ್‌ನಲ್ಲಿ ಅರ್ನಾಲ್ಡ್ ಬರ್ತೋಲ್ಡ್ ಆರು ಹುಂಜದ ಮರಿಗಳ ವೃಷಣ ತೆಗೆದ. ಕೆಲವಕ್ಕೆ ಅದನ್ನೇ ಹೊಟ್ಟೆಯೊಳಗೆ ಬೇರೆ ಕಡೆ ನೆಟ್ಟ. ಬರೀ ಕಳೆದುಕೊಂಡವು ಜುಟ್ಟು ಬಾಡಿ ಸಪ್ಪಗಾದವು. ನೆಟ್ಟವು ಬೆಳೆದು ಕೂಗಿದವು, ಕಾದಾಡಿದವು. ನರಗಳ ಸಂಬಂಧ ಕಡಿದುಹೋಗಿತ್ತು. ಆದ್ದರಿಂದ ಸುದ್ದಿ ಹೋಗುತ್ತಿದ್ದುದು ರಕ್ತದ ಮೂಲಕವೇ.

ಆ ಸುದ್ದಿಯನ್ನು ಬಾಟಲಿಗೆ ಇಳಿಸುವ ಆತುರ ಹಳೆಯದು. 1889ರಲ್ಲಿ ಪ್ಯಾರಿಸ್ಸಿನ ದೊಡ್ಡ ಶರೀರವಿಜ್ಞಾನಿ ಬ್ರೌನ್-ಸೆಕಾರ್, ತನ್ನ 72ನೇ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಾನೇ ಚುಚ್ಚಿಕೊಂಡು ಯೌವನ ಮರಳಿತು ಎಂದು ಸಭೆಯಲ್ಲಿ ಸಾರಿದ. ಟೆಸ್ಟೋಸ್ಟಿರಾನ್ ನೀರಿನಲ್ಲಿ ಕರಗುವುದೇ ಕಷ್ಟ, ವೃಷಣ ಅದನ್ನು ಕೂಡಿಟ್ಟುಕೊಳ್ಳುವುದೂ ಇಲ್ಲ. ಆ ರಸದಲ್ಲಿ ಇದ್ದದ್ದು ಹೆಚ್ಚಿನ ಪಾಲು ನಂಬಿಕೆ. ನಿಜವಾದ ವಸ್ತು ಸಿಕ್ಕಿದ್ದು 1935ರಲ್ಲಿ: ಆಮ್‌ಸ್ಟರ್‌ಡ್ಯಾಮಿನ ಅರ್ನ್‌ಸ್ಟ್ ಲಾಕರ್ ತಂಡ ಸುಮಾರು 100 ಕಿಲೋ ಹೋರಿಯ ಬೀಜದಿಂದ 10 ಮಿಲಿಗ್ರಾಂ ಹರಳು ತೆಗೆಯಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ, ತಂತಮ್ಮ ಪ್ರಯೋಗಾಲಯಗಳಲ್ಲಿ, ಕೊಲೆಸ್ಟರಾಲಿನಿಂದಲೇ ಅದನ್ನು ತಯಾರಿಸಿದರು.

ತಯಾರಿಸುವುದು ಬಂತು, ಚುಚ್ಚುವುದೂ ಬಂತು. ಚುಚ್ಚಿದರೆ ಒಳಗೆ ಏನಾಗುತ್ತದೆ ಎನ್ನುವುದು ಬೆಂಗಳೂರಿನ ಮನೆಗಳ ಸಂಪು ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಕಾವೇರಿ ಪೈಪಿನ ಬಾಯಿಗೆ ಫ್ಲೋಟ್ ವಾಲ್ವ್ ಇರುತ್ತದಲ್ಲ. ನೀರು ಇಳಿದರೆ ಚೆಂಡು ಇಳಿದು ಬಾಯಿ ತೆರೆಯುತ್ತದೆ, ನೀರು ಏರಿದರೆ ತೇಲಿ ಮುಚ್ಚುತ್ತದೆ. ಗಂಡಸಿನ ಮೈಯಲ್ಲಿ ಆ ಚೆಂಡು ಮಿದುಳಿನ ಬುಡದಲ್ಲಿದೆ. ಅಲ್ಲಿನ ಹೈಪೋಥಲಾಮಸ್ ಬಿಟ್ಟು ಬಿಟ್ಟು ಸಂಕೇತ ಕೊಡುತ್ತದೆ, ಅದಕ್ಕೆ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ವೃಷಣದ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟಿರಾನ್ ಮಾಡಿಸುತ್ತದೆ, ಎಫ್‌ಎಸ್‌ಎಚ್ ವೀರ್ಯಾಣುಗಳ ಕಡೆ ನೋಡಿಕೊಳ್ಳುತ್ತದೆ. ರಕ್ತದಲ್ಲಿ ಸಾಕಷ್ಟಾಯಿತೋ, ಮೇಲಿನಿಂದ ಎರಡೂ ಬಂದ್. ಈಗ ಟ್ಯಾಂಕರ್ ತರಿಸಿ ಸಂಪು ತುಂಬಿಸಿ. ಬಂದದ್ದು ಬೋರ್‌ವೆಲ್ ನೀರೋ ಕಾವೇರಿಯೋ, ಚೆಂಡಿಗೇನು ಗೊತ್ತು? ಪೈಪಿನ ಬಾಯಿ ಮುಚ್ಚಿಕೊಳ್ಳುತ್ತದೆ.

ಜಿಮ್ಮುಗಳಲ್ಲಿ ಇದನ್ನು ಇದ್ದದ್ದರ ಮೇಲೆ ಒಂದಿಷ್ಟು ಸುರಿಯುವ 'ಬೂಸ್ಟರ್' ಎಂದುಕೊಳ್ಳುತ್ತಾರೆ. ಆದರೆ ಹೊರಗಿನದು ಬಂದಾಗ ಒಳಗಿನ ತಯಾರಿ ನಿಲ್ಲುತ್ತದೆ. ವೃಷಣ ಕುಗ್ಗುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟಿರಾನ್ ಬೇಕು, ಅದು ಸೂಜಿಯಿಂದ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಟ್ಟು ಅದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು ಎಂದರೆ ನಂಬುತ್ತೀರಾ? ಇಂಥ ಪ್ರಯೋಗಗಳಲ್ಲಿ ಭಾಗವಹಿಸಿದ ಆರೋಗ್ಯವಂತರಲ್ಲಿ ಇಂಜೆಕ್ಷನ್ ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಆರು ತಿಂಗಳಲ್ಲಿ ವೀರ್ಯಾಣುಗಳ ಸಂಖ್ಯೆ ಮರಳಿತು, ಕೆಲವರಿಗೆ ಎರಡು ವರ್ಷದವರೆಗೂ ಹಿಡಿಯಿತು. ತಡವಾಗಿ ಮದುವೆಯಾದ ನನ್ನ ಗೆಳೆಯನಿಗೆ ಮೂರು ವರ್ಷದ ಮಗಳಿದ್ದಾಳೆ, ಇನ್ನೊಂದು ಮಗು ಬೇಕೆಂಬ ಆಸೆಯಿದೆ. ಜಿಮ್ಮಿನ ಹುಡುಗ ಇದನ್ನು ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ. ಕೈಭುಜಕ್ಕೆ ಹಚ್ಚುವ ಜೆಲ್ ಆದರೆ ಇನ್ನೊಂದು ಪೇಚು: ಎತ್ತಿಕೊಂಡ ಮಗುವಿನ ಚರ್ಮಕ್ಕೂ ಅದು ಅಂಟಿ, ವಯಸ್ಸಿಗೆ ಮುಂಚೆ ಪ್ರೌಢಾವಸ್ಥೆಯ ಲಕ್ಷಣ ಕಂಡ ಪ್ರಕರಣಗಳಿವೆ.

ಹಾಗಾದರೆ ಯಾರಿಗೆ ಬೇಕು? ಪಿಟ್ಯುಟರಿಯಲ್ಲಿ ಗಡ್ಡೆಯಾದವರಿಗೆ, ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇಟ್ಟುಕೊಂಡೇ ಹುಟ್ಟಿದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ವೃಷಣ ಹಾಳಾದವರಿಗೆ ಇದು ಬದುಕನ್ನೇ ಬದಲಿಸುವ ಔಷಧಿ. ಇವರಿಗೆ ಕಾವೇರಿ ಲೈನೇ ಇಲ್ಲ, ಟ್ಯಾಂಕರ್ ತರಿಸಲೇಬೇಕು. ಬರೀ ವಯಸ್ಸಿನ ಲೆಕ್ಕ ಬೇರೆ. ಮೂವತ್ತು-ನಲವತ್ತು ದಾಟಿದ ಮೇಲೆ ಮಟ್ಟ ವರ್ಷಕ್ಕೆ ಸುಮಾರು ಶೇ. 1ರಷ್ಟು ಜಾರುತ್ತದೆ, ನಿಜ. ಆದರೆ ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79ರ ವಯಸ್ಸಿನ 3,369 ಗಂಡಸರನ್ನು ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಮಟ್ಟವೂ ಅದಕ್ಕೆ ಹೊಂದುವ ಲೈಂಗಿಕ ಲಕ್ಷಣಗಳೂ ಒಟ್ಟಿಗೆ ಸಿಕ್ಕಿದ್ದು ಶೇ. 2.1 ಜನರಲ್ಲಿ ಮಾತ್ರ. ಸುಸ್ತಿಗೆ ಟೆಸ್ಟೋಸ್ಟಿರಾನ್‌ಗಿಂತ ಬೊಜ್ಜು, ಸಕ್ಕರೆ, ನಿದ್ದೆಗೇಡು ದೊಡ್ಡ ಕಾರಣಗಳು. ಬೊಜ್ಜು ತಾನೇ ಮಟ್ಟವನ್ನು ಇಳಿಸುತ್ತದೆ, ತೂಕ ಇಳಿದರೆ ಅದು ಏರುತ್ತದೆ.

ಆರಂಭಿಸಿದವರಿಗೆ ಸಿಗುವುದೇನು ಎಂಬುದಕ್ಕೂ ಈಗ ಉತ್ತರವಿದೆ. ಅಮೆರಿಕದಲ್ಲಿ 65 ದಾಟಿದ 790 ಜನರಿಗೆ ಒಂದು ವರ್ಷ ಜೆಲ್ ಕೊಟ್ಟು ನೋಡಿದಾಗ ಲೈಂಗಿಕ ಆಸಕ್ತಿ ಒಂದಿಷ್ಟು ಹೆಚ್ಚಿತು, ರಕ್ತಹೀನತೆ ಸುಧಾರಿಸಿತು. ಚೈತನ್ಯದಲ್ಲಿ ಹೇಳಿಕೊಳ್ಳುವಂಥದ್ದು ಕಾಣಲಿಲ್ಲ, ನೆನಪಿನ ಶಕ್ತಿ ಇದ್ದಲ್ಲೇ ಇತ್ತು. ಹೃದಯಕ್ಕೆ ಅಪಾಯವೇ ಎಂಬ ಬಹುಕಾಲದ ಜಗಳಕ್ಕೆ 2023ರಲ್ಲಿ 'ಟ್ರಾವರ್ಸ್' ಪ್ರಯೋಗ ಉತ್ತರ ಕೊಟ್ಟಿತು. ಹೃದ್ರೋಗ ಅಥವಾ ಅದರ ಹೆಚ್ಚಿನ ಅಪಾಯವಿದ್ದ 5,200ಕ್ಕೂ ಹೆಚ್ಚು ಜನರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾರಣದ ಸಾವು ಸೇರಿ ಜೆಲ್ ಗುಂಪಿನಲ್ಲಿ ಶೇ. 7.0, ಹುಸಿ ಔಷಧಿಯ ಗುಂಪಿನಲ್ಲಿ ಶೇ. 7.3. ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಮಾತ್ರ ಜೆಲ್ ಹಚ್ಚಿದವರಲ್ಲಿ ಹೆಚ್ಚು. ನನಗೆ ಸೋಜಿಗ ತಂದದ್ದು ಮೂಳೆಯ ವಿಷಯ. ಟೆಸ್ಟೋಸ್ಟಿರಾನ್ ಮೂಳೆಯ ಸಾಂದ್ರತೆ ಹೆಚ್ಚಿಸುತ್ತದೆ. ಆದರೂ ಇದೇ ಪ್ರಯೋಗದಲ್ಲಿ ಜೆಲ್ ಹಚ್ಚಿದವರ ಮೂಳೆಯೇ ಹೆಚ್ಚು ಮುರಿದದ್ದು.

ಇನ್ನು ನಾಲ್ಕೂವರೆಯ ಪ್ರಶ್ನೆ. ಟೆಸ್ಟೋಸ್ಟಿರಾನ್ ಬೆಳಿಗ್ಗೆ ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ. ಹೊಟ್ಟೆ ತುಂಬಿದಾಗ ಇನ್ನಷ್ಟು ಇಳಿಯುತ್ತದೆ. ಗ್ಲೂಕೋಸ್ ನೀರು ಕುಡಿಸಿ ನೋಡಿದಾಗ ಕಾಲು ಭಾಗದಷ್ಟು ತಗ್ಗಿದ್ದೂ ಇದೆ. ಅದಕ್ಕೇ ರಕ್ತ ಕೊಡಬೇಕಾದದ್ದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ. ಎರಡು ಸಲವೂ ಕಡಿಮೆಯಿದ್ದರೆ ಎಲ್‌ಎಚ್ ನೋಡಿ, ಕೆಟ್ಟದ್ದು ಪೈಪೋ (ವೃಷಣ) ಚೆಂಡೋ (ಮಿದುಳಿನ ಬುಡ) ಎಂದು ತಿಳಿಯಬೇಕು. ಆಮೇಲೂ ಶುರು ಮಾಡುವುದಾದರೆ, ಈ ಔಷಧಿ ರಕ್ತವನ್ನು ದಪ್ಪ ಮಾಡುವುದರಿಂದ ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ಜೊತೆಗೆ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ಆಗಾಗ ನೋಡುತ್ತಿರಬೇಕು.

ಗೆಳೆಯ ಮುಂದಿನ ಶನಿವಾರ ಬೆಳಿಗ್ಗೆ ಏಳೂವರೆಗೆ ಕಾಫಿಯನ್ನೂ ಕುಡಿಯದೆ ರಕ್ತ ಕೊಟ್ಟು ಬಂದ. ಸಂಜೆ ವರದಿ ಬಂತು: 421. ಬಾಣವಿರಲಿಲ್ಲ. "ಮತ್ತೆ ಈ ಸುಸ್ತು ಯಾಕೋ?" ಎಂದ. ಸ್ಪೀಕರ್ ಹಾಕಿದ್ದ ಅಂತ ಕಾಣುತ್ತೆ. ಹಿಂದಿನಿಂದ ಅವನ ಹೆಂಡತಿಯ ದನಿ: "ರಾತ್ರಿ ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಂತ್ಹೋಗತ್ತೆ ಇವರಿಗೆ, ನಾನೇ ಅಲ್ಲಾಡಿಸಿ ಎಬ್ಬಿಸ್ತೀನಿ. ಅದನ್ನ ಡಾಕ್ಟರಿಗೆ ಹೇಳಿದ್ರಾ ಕೇಳಿ." ಹೇಳಿರಲಿಲ್ಲ. ಈಗ ನಿದ್ದೆಯ ಪರೀಕ್ಷೆಗೆ ಹೆಸರು ಬರೆಸಿದ್ದಾನೆ.